ನೀಲಿ ಡಬ್ಬಿಯೂ ಕಾನೂನೂ

ಬಳಕೆದಾರ ಟೈಪ್ ಮಾಡಿದ್ದನ್ನೇ ಆಜ್ಞೆ ಅಂತ ನಂಬಿ ಮೋಸಹೋಗುವ ಪ್ರೋಗ್ರಾಮ್ ಕಂಡಾಗಲೆಲ್ಲ ನನಗೆ ಅಮೆರಿಕದ 'ಬ್ಲೂ ಬಾಕ್ಸ್' ನೆನಪಾಗುತ್ತೆ.

1960ರ ದಶಕದಲ್ಲಿ ಅಲ್ಲಿನ ಬೆಲ್ ಕಂಪನಿಯ ದೂರದ ಲೈನುಗಳಲ್ಲಿ ಜನರ ಮಾತು ಹೋಗುವ ದಾರಿಯಲ್ಲೇ ಎಕ್ಸ್‌ಚೇಂಜುಗಳ ಸಂಜ್ಞೆಗಳೂ ಹೋಗುತ್ತಿದ್ದವು. 2600 ಹರ್ಟ್ಸ್ ಸ್ವರ ಕೇಳಿದರೆ ಲೈನು ಖಾಲಿ ಅಂತ ಅರ್ಥ. ಪುಕ್ಕಟೆ ನಂಬರಿಗೆ ಫೋನ್ ಮಾಡಿ ಆ ಸ್ವರ ನುಡಿಸಿದರೆ ಆಚೆ ತುದಿಯ ಯಂತ್ರ ಕರೆ ಮುಗೀತು ಅಂದುಕೊಳ್ಳುತ್ತಿತ್ತು. ಆಮೇಲೆ ಡಬ್ಬಿಯಿಂದ ಬೇರೆ ಸ್ವರಗಳನ್ನು ಒತ್ತಿ ಬೇಕಾದ ಊರಿಗೆ ಮಾತಾಡಬಹುದಿತ್ತು. ಬಿಲ್ ಹಾಕುವ ಎಕ್ಸ್‌ಚೇಂಜಿಗೆ ಮಾತ್ರ ಅದಿನ್ನೂ ಪುಕ್ಕಟೆ ಕರೆಯೇ! ತಮಾಷೆ ಅಂದ್ರೆ, ಆ ಸ್ವರಗಳ ವಿವರವನ್ನು 1960ರಲ್ಲಿ ಬೆಲ್ ತನ್ನದೇ ತಾಂತ್ರಿಕ ಪತ್ರಿಕೆಯಲ್ಲಿ ಅಚ್ಚು ಹಾಕಿಸಿತ್ತು.

ಕ್ಯಾಲಿಫೋರ್ನಿಯಾದ ಕಾನೂನು ಮೋಸಕ್ಕೆಂದು ಇಂಥ ಸಾಧನ ಮಾಡುವುದನ್ನು ನಿಷೇಧಿಸಿತು, ಅದರ ನಕ್ಷೆ ಕೊಡುವುದನ್ನೂ ನಿಷೇಧಿಸಿತು. 1972ರಲ್ಲಿ 'ರಾಂಪಾರ್ಟ್ಸ್' ಪತ್ರಿಕೆ ಇನ್ನೊಂದು ಬಗೆಯ ಡಬ್ಬಿಯ ನಕ್ಷೆ ಪ್ರಕಟಿಸಿದಾಗ, ಫೋನ್ ಕಂಪನಿ ಇದೇ ಕಾನೂನು ತೋರಿಸಿ ಆ ಸಂಚಿಕೆಯನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿತು.

ಡಬ್ಬಿಗಳೇನೂ ಅಷ್ಟಕ್ಕೆ ನಿಲ್ಲಲಿಲ್ಲ. 1976ರಿಂದ ಬೆಲ್ ಸಂಜ್ಞೆಗಳಿಗೇ ಬೇರೆ ದಾರಿ ಹಾಕುತ್ತಾ ಬಂತು. ಹಾಗೆ ಬದಲಾದ ಲೈನುಗಳಲ್ಲಿ ನೀಲಿ ಡಬ್ಬಿ ಬರೀ ಪೀಪಿ ಆಯ್ತು.

ಕದ್ದವರಿಗೆ ಶಿಕ್ಷೆ ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಬಾಗಿಲು ತೆರೆದಿದೆ ಅಂತ ಬರೆದವನ ಬಾಯಿ ಮುಚ್ಚಿಸಿದರೆ ಬಾಗಿಲು ಮುಚ್ಚಿದ ಹಾಗಾಗುತ್ತಾ? ನೀವೇನಂತೀರಿ?