ಪಾಲಿದ್ದವರ ವಂಶವೃಕ್ಷ

ವಂಶವೃಕ್ಷ ಬೇಕೆಂದು ನನ್ನ ಮೇಜಿನ ಮುಂದೆ ಬಂದು ನಿಂತವರಲ್ಲಿ ಮುತ್ತಜ್ಜನ ಮೇಲಿನ ಪ್ರೀತಿಗಾಗಿ ಬಂದವರು ಯಾರೂ ಇರಲಿಲ್ಲ. ಎಲ್ಲರೂ ಬಂದದ್ದು ಹೊಲಕ್ಕಾಗಿ. ಅಪ್ಪ ತೀರಿಕೊಂಡಿದ್ದಾನೆ, ಉತಾರದಲ್ಲಿ ಇನ್ನೂ ಅವನದೇ ಹೆಸರಿದೆ, ವಾರಸಾ ಆಗಬೇಕು, ಇಲ್ಲದಿದ್ದರೆ ಸೊಸೈಟಿಯ ಸಾಲ ಹುಟ್ಟುವುದಿಲ್ಲ. ಸವದತ್ತಿ ತಾಲೂಕಿನ ಹಳ್ಳಿಗಳಲ್ಲಿ ತಲಾಟಿಯಾಗಿದ್ದಷ್ಟು ಕಾಲ ನಾನು ಬರೆದ ವಂಶವೃಕ್ಷಗಳಿಗೆ ಲೆಕ್ಕವಿಲ್ಲ. ಮೇಲೆ ಒಬ್ಬ ಹಿರಿಯ, ತೀರಿಕೊಂಡಿದ್ದಾನೆ ಎನ್ನಲು ಅವನ ಹೆಸರಿನ ಮುಂದೆ ‘ಮಯತ’ ಎಂಬ ಮೂರಕ್ಷರ, ಕೆಳಗೆ ಗೀಟು ಹಾಕಿ ಮಕ್ಕಳು, ಮೊಮ್ಮಕ್ಕಳು. ಕೊನೆಗೆ ಪಂಚರ ಸಹಿ. ಪಂಚರಿಗೆ ಗೊತ್ತಿರುವುದು ಹೆಚ್ಚೆಂದರೆ ಮೂರು ತಲೆ. ಸರಕಾರಕ್ಕೂ ಅಷ್ಟೇ ಸಾಕು.

ನಿವೃತ್ತನಾಗಿ ಮನೋಳಿಯ ಮನೆಯಲ್ಲಿ ಕೂತ ಮೇಲೆ, ಅಮೆರಿಕದಲ್ಲಿರುವ ನನ್ನ ತಮ್ಮನ ಮಗ ಫೋನು ಮಾಡಿದ. ಸಣ್ಣ ನಳಿಗೆಯಲ್ಲಿ ಉಗುಳು ತುಂಬಿ ಡಿಎನ್‌ಎ ಪರೀಕ್ಷೆಯ ಕಂಪನಿಗೆ ಕಳಿಸಿದ್ದನಂತೆ, ಫಲಿತಾಂಶ ಬಂದಿತ್ತು. “ದೊಡ್ಡಪ್ಪಾ, ದಕ್ಷಿಣ ಭಾರತ ಅಂತ ಬರದಾರ ನೋಡ್ರಿ. ಮನೋಳಿ ಎಲ್ಲೂ ಇಲ್ಲ.” ದೂರದ ಬಂಧುಗಳೆಂದು ಒಂದು ಪಟ್ಟಿಯೂ ಇತ್ತು, ಅದರಲ್ಲಿ ಬಹುಪಾಲು ತೆಲುಗು, ತಮಿಳು ಹೆಸರುಗಳು. ಯಾಕೆಂದರೆ ಅಲ್ಲಿ ಉಗುಳು ಕಳಿಸಿದವರೇ ಅವರು. ನಮ್ಮ ಮನೆತನದ ಕವಲುಗಳು ಬೈಲಹೊಂಗಲದಲ್ಲಿ, ರಾಮದುರ್ಗದಲ್ಲಿ ಹತ್ತಿ, ಗೋವಿನಜೋಳ ಬೆಳೆದುಕೊಂಡಿವೆ; ಅವರಾರೂ ಆ ಪಟ್ಟಿಯಲ್ಲಿ ಇಲ್ಲ. “ನಮ್ಮ ಮೂಲ ಯಾವುದು ಹಂಗಾರ?” ಎಂದು ಕೇಳಿದ. ಹೆಳವರು ಬಂದಾಗ ಕೇಳಿ ಹೇಳ್ತೀನಿ ಎಂದೆ.

ಈ ಸೀಮೆಯಲ್ಲಿ ಹುಟ್ಟದವರಿಗೆ ಹೆಳವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸುಗ್ಗಿ ಮುಗಿದು ಕಣದ ಕಾಳು ಮನೆಗೆ ಬಂದ ಮೇಲೆ ಇವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಕಾಲು ಕಾಣದಂತೆ ಸೊಂಟದ ಕೆಳಗೆ ಕಂಬಳಿ ಸುತ್ತಿಕೊಂಡು, ಎತ್ತಿನ ಕೊರಳಿಗೆ ಗಂಟೆ ಕಟ್ಟಿಕೊಂಡು. 1909ರಲ್ಲಿ ಅಚ್ಚಾದ ಥರ್ಸ್ಟನ್ ಸಾಹೇಬನ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲೂ ಈ ವೇಷದ ವರ್ಣನೆ ಇದೆ. ಕಾಲಿಲ್ಲದ ತಮ್ಮ ಮೂಲಪುರುಷನಿಗೆ ಎತ್ತು ಕೊಟ್ಟವರು ಬಸವಣ್ಣನವರು, ಮನೆತನಗಳ ಹೆಸರು ಹೇಳಿ ಬದುಕು ಎಂದವರೂ ಅವರೇ ಎನ್ನುವುದು ಅವರ ನಂಬಿಕೆ. ಈಗ ಟೆಂಪೋದಲ್ಲಿ, ಮೋಟಾರ್ ಸೈಕಲ್ಲಿನಲ್ಲಿ ಬರುತ್ತಾರೆ. ನಸುಕಿನಲ್ಲೇ ಬಾಗಿಲ ಮುಂದೆ ನಿಂತು, ಮನೆತನದ ಬೆಡಗು ಯಾವುದು, ಮೂಲ ಊರು ಯಾವುದು, ಅಲ್ಲಿಂದ ಯಾರು ಎದ್ದು ಬಂದರು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆಮೇಲೆ ಪುಸ್ತಕ ಬಿಚ್ಚಿ, ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದವರನ್ನು ಸೇರಿಸುತ್ತಾರೆ. ಮನೆಯವರು ಕಾಳು, ರೊಕ್ಕ, ಅರಿವೆ, ಕೈ ಬಿಚ್ಚಿದವರಾದರೆ ಒಂದು ಕರು ಕೊಡುತ್ತಾರೆ. ಯಾವ ಮನೆ ಯಾವ ಹೆಳವನಿಗೆ ಸೇರಿದ್ದು ಎನ್ನುವುದು ಅವರವರಲ್ಲೇ ಹಂಚಿಕೆಯಾಗಿರುತ್ತದೆ. ಒಬ್ಬನ ಒಕ್ಕಲಿಗೆ ಇನ್ನೊಬ್ಬ ಕೈ ಹಾಕುವಂತಿಲ್ಲ.

ನಮ್ಮ ಮನೆಗೆ ಬರುವ ಹೆಳವ ನನಗಿಂತ ಚಿಕ್ಕವನು. ಅವನ ಅಜ್ಜನ ಕೈಬರಹ ನನ್ನ ಕಚೇರಿಯ ಯಾವ ಕಾರಕೂನನಿಗಿಂತಲೂ ಚೆಂದ. ಆ ಪುಟಗಳಲ್ಲಿ ಹತ್ತು ತಲೆಮಾರು ಇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರುಗಳಲ್ಲ, ಖಾಲಿ ಜಾಗಗಳು. 1876ರಿಂದ 78ರವರೆಗಿನ ಬರ ಹಾದುಹೋದ ತಲೆಮಾರಿನಲ್ಲಿ ಐದು ಮಂದಿ ಅಣ್ಣತಮ್ಮಂದಿರಿದ್ದಾರೆ, ಮೂರು ಹೆಸರಿನ ಕೆಳಗೆ ಏನೂ ಇಲ್ಲ. ಒಬ್ಬನ ಮುಂದೆ ‘ಊರು ಬಿಟ್ಟ’ ಎಂದಿದೆ. ಈ ಪುಟಗಳನ್ನು ನಾನು ನಂಬುತ್ತೇನೆ. ಹೆಳವ ಸುಳ್ಳು ಬರೆದರೆ ಪಕ್ಕದ ಊರಿನ ದಾಯಾದಿಯ ಮನೆಯಲ್ಲಿ ಸಿಕ್ಕಿಬೀಳುತ್ತಾನೆ, ಅವನ ಕಾಳು ಹೋಗುತ್ತದೆ. ಈಗ ಅಮೆರಿಕದ ಫ್ಯಾಮಿಲಿಸರ್ಚ್ ಸಂಸ್ಥೆ ಹೆಳವರ ಪುಸ್ತಕಗಳ ಛಾಯಾಪ್ರತಿ ತೆಗೆಸಿಡುತ್ತಿದೆ. ನಮ್ಮವರು ನೂರು ರೂಪಾಯಿ ಕೊಡಲು ಹಿಂದೆಮುಂದೆ ನೋಡುತ್ತಿರುವಾಗ.

ತಮ್ಮನ ಮಗನಿಗೆ ನಾನು ಹೇಳಿದ್ದು ಇಷ್ಟು. ಹತ್ತು ತಲೆ ಹಿಂದಕ್ಕೆ ಹೋದರೆ ನಿನಗೆ 1,024 ಮಂದಿ ಹಿರಿಯರ ಸ್ಥಾನ. ಹೆಳವ ಹೇಳುವುದು ಅವರಲ್ಲಿ ಒಬ್ಬನ ಹೆಸರು, ಅಪ್ಪನ ಅಪ್ಪನ ಅಪ್ಪ ಎಂದು ಏರಿಹೋದ ಒಂದೇ ಗೆರೆ. ನಿನ್ನ ಡಿಎನ್‌ಎಯಲ್ಲಿ ಅರ್ಧ ಅಪ್ಪನದು, ಅರ್ಧ ಅವ್ವನದು. ಏಳನೆಯ ತಲೆಗೆ ಹೋಗುವಷ್ಟರಲ್ಲಿ ಒಬ್ಬೊಬ್ಬರ ಪಾಲು ಸರಾಸರಿ ನೂರಕ್ಕೆ ಒಂದೂ ಉಳಿಯುವುದಿಲ್ಲ, ಇನ್ನೂ ಮೇಲಕ್ಕೆ ಹೋದರೆ ಎಷ್ಟೋ ಹಿರಿಯರ ಒಂದು ತುಣುಕೂ ನಿನ್ನ ಮೈಯಲ್ಲಿ ಇರಲಾರದು. ವೈ ಕ್ರೋಮೋಸೋಮ್ ಮಾತ್ರ ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಹಾಗೆಯೇ ಬರುತ್ತದೆ, ಹೆಳವನ ಗೆರೆಯ ಮೇಲೆಯೇ ನಡೆದಂತೆ. ಮೈಟೊಕಾಂಡ್ರಿಯದ ಡಿಎನ್‌ಎ ಅವ್ವನಿಂದ ಬರುತ್ತದೆ. ಅದು ಹೋಗುವ ದಾರಿಯನ್ನು ಹೆಳವರ ಪುಸ್ತಕ ಯಾವತ್ತೂ ತುಳಿದಿಲ್ಲ. ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಸೋದರಮಾವನ ಮಗಳನ್ನು, ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ. ಅದೇ ಹಿರಿಯರು ಎರಡು ಮೂರು ಕಡೆಯಿಂದ ಮತ್ತೆ ಮತ್ತೆ ಬರುತ್ತಾರೆ. ಇದನ್ನು ಲೆಕ್ಕಕ್ಕೆ ಹಿಡಿಯದ ಕಂಪನಿಯ ಯಂತ್ರ ದೂರದ ಸಂಬಂಧಿಕರನ್ನು ಹತ್ತಿರದವರೆಂದು ತೋರಿಸಿಬಿಡುತ್ತದೆ.

ದತ್ತಕದ ಮುಂದೆ ಮಾತ್ರ ಹೆಳವ ಮತ್ತು ಯಂತ್ರ ಬೇರೆಬೇರೆ ದಾರಿ ಹಿಡಿಯುತ್ತಾರೆ. ಹೆಳವನಿಗೆ ದತ್ತು ಮಗನೂ ಮಗನೇ, ಗೀಟು ನೇರವಾಗಿ ಇಳಿಯುತ್ತದೆ. ಈ ಒಂದು ಗೀಟಿಗಾಗಿ ನಮ್ಮ ನೆರೆಯಲ್ಲೇ ಯುದ್ಧವಾಗಿದೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಮಾಸ್ತಮರಡಿ ಗೌಡರ ಮಗನನ್ನು ದತ್ತು ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ, ಕಾಗದದ ಮೇಲೆಯೇ ಸಂಶಯಪಟ್ಟ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಅವನು ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚನ್ನಮ್ಮ 1829ರ ಫೆಬ್ರವರಿ 2ರಂದು ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ರಕ್ತ ಯಾರದು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಕೇಳಿದ್ದು ಸಂಸ್ಥಾನ ಯಾರದು ಎಂದು.

ದೊಡ್ಡವರ ವಂಶಾವಳಿಗಳೂ ಹೊಲದ ಕಾಗದಗಳೇ. ಸವದತ್ತಿಯನ್ನು ಆಳಿದ ರಟ್ಟರು ಶಾಸನಗಳಲ್ಲಿ ತಮ್ಮನ್ನು ‘ಲಟ್ಟಲೂರು ಪುರವರಾಧೀಶ್ವರ’ರೆಂದು ಕರೆದುಕೊಂಡು ರಾಷ್ಟ್ರಕೂಟರ ಕುಲಕ್ಕೆ ಗಂಟು ಹಾಕಿಕೊಂಡರು. ಅವರಿಗೂ ಪಂಚರು ಸಿಕ್ಕಿರಬೇಕು. 1852ರ ಕಾಯ್ದೆಯ ಬಲದಿಂದ ಇನಾಂ ಕಮಿಷನ್ ಬಂದು, ದಾಖಲೆ ತೋರಿಸಿ, ಇಲ್ಲವೇ ಭೂಮಿ ಬಿಡಿ ಎಂದಾಗ, ದಕ್ಷಿಣ ಮರಾಠಾ ಸೀಮೆಯ ವತನದಾರರೆಲ್ಲ ವಂಶಾವಳಿ ಬರೆಸಲು ಕೂತರು. ಈಗ ಹಳೆಯ ಮನೆಗಳ ಅಟ್ಟದಿಂದ ಇಳಿಯುವ ಮೋಡಿ ಲಿಪಿಯ ಉದ್ದುದ್ದ ಕಾಗದಗಳಲ್ಲಿ ಅಂಥವು ಸಾಕಷ್ಟಿವೆ. ಭೂಮಿಯೇ ಇಲ್ಲದವರನ್ನು ಯಾರು ಬರೆದಾರು? ಖಾನಾಪುರ, ಹಳಿಯಾಳದ ಕಾಡಂಚಿನ ಸಿದ್ದಿಯರ ಮೂಲ ಆಫ್ರಿಕದಲ್ಲಿದೆ ಎಂಬುದಕ್ಕೆ, ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳಿದ್ದ ತಂಡ 2011ರಲ್ಲಿ ಡಿಎನ್‌ಎ ಸಾಕ್ಷ್ಯ ಪ್ರಕಟಿಸಿತು. ಸಿದ್ದಿಯರ ಹಿರಿಯರನ್ನು ಹಡಗಿನಲ್ಲಿ ತಂದು ಮಾರಿದವರು ಅವರ ಅಪ್ಪಂದಿರ ಹೆಸರು ಕೇಳಿರಲಿಲ್ಲ.

ಇನ್ನು ಹೆಣ್ಣುಮಕ್ಕಳು. ನಮ್ಮ ಮನೆಯ ಹೆಳವರ ಪುಟದಲ್ಲಿ ಹತ್ತು ತಲೆಯಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇಲ್ಲ. ನನ್ನ ಇಬ್ಬರು ಅಕ್ಕಂದಿರೂ ಇಲ್ಲ. ನನ್ನ ನೌಕರಿಯ ಮೊದಲ ವರ್ಷಗಳಲ್ಲಿ ವಂಶವೃಕ್ಷದ ಅರ್ಜಿಗಳೂ ಹಾಗೆಯೇ ಬರುತ್ತಿದ್ದವು. ಕರ್ನಾಟಕದಲ್ಲಿ 1994ರಲ್ಲಿ, ಆಮೇಲೆ ಇಡೀ ದೇಶಕ್ಕೆ 2005ರಲ್ಲಿ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂತು. ಅಲ್ಲಿಂದ ಮುಂದೆ ವೃಕ್ಷಕ್ಕೆ ಒಮ್ಮೆಲೇ ಹೊಸ ಕೊಂಬೆಗಳು. ತವರಿನವರು ಎಂದೂ ನೆನೆಯದ ಅಕ್ಕತಂಗಿಯರನ್ನು ಜೀಪು ಮಾಡಿ ಸವದತ್ತಿಯ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆತರುತ್ತಿದ್ದರು, ಸೀರೆ ಉಡಿಸಿ, ಪಾಲು ಬಿಟ್ಟುಕೊಡುವ ಹಕ್ಕುಸೋಡ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಲು. ಬರೆಸಿದ್ದೇ ಬಿಡಿಸಿಕೊಳ್ಳಲು.

ಆದರೆ ಇದೇ ಮಣ್ಣಿನಲ್ಲಿ ವಂಶ ಮಗಳಿಂದ ಬೆಳೆದ ಮನೆಗಳೂ ಇವೆ, ಅದರ ಬೆಲೆಯನ್ನು ತೆತ್ತವಳೂ ಮಗಳೇ. ಗಂಡು ಹುಟ್ಟದ ಮನೆಯವರು ಒಬ್ಬ ಮಗಳನ್ನು ಎಲ್ಲಮ್ಮನ ಗುಡ್ಡಕ್ಕೆ ಒಯ್ದು ಮುತ್ತು ಕಟ್ಟಿಸಿ ದೇವದಾಸಿ ಮಾಡಿದರೆ, ಅವಳು ಲಗ್ನವಿಲ್ಲದೆ ತವರಿನಲ್ಲೇ ಉಳಿಯುತ್ತಿದ್ದಳು, ಮಗನ ಹಾಗೆ ಹೊಲ ಅವಳಿಗೆ ಇಳಿಯುತ್ತಿತ್ತು, ಅವಳ ಮಕ್ಕಳು ಅವಳ ಅಪ್ಪನ ಮನೆತನಕ್ಕೆ ಸೇರುತ್ತಿದ್ದರು. ಹೊಲವಿಲ್ಲದ ದಲಿತರ ಕೇರಿಗಳಲ್ಲಿ ಮುತ್ತು ಮಾತ್ರ ಉಳಿಯಿತು, ಪಾಲು ಇರಲಿಲ್ಲ. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧವೆಂದಿತು. ಆದರೆ ಮುತ್ತು ಕಟ್ಟಿಸಿಕೊಂಡವರ ಮಕ್ಕಳು ಶಾಲೆಯ ಅರ್ಜಿಯಲ್ಲಿ, ಜಾತಿ ಪ್ರಮಾಣಪತ್ರದಲ್ಲಿ ‘ತಂದೆಯ ಹೆಸರು’ ಎಂಬ ಕಲಮಿನ ಮುಂದೆ ತಡವರಿಸುವುದನ್ನು ನಾನೇ ಬಹಳ ನೋಡಿದ್ದೇನೆ. ಹೆಸರು ಅವರಿಗೆ ಗೊತ್ತಿರುತ್ತಿತ್ತು, ಊರಿಗೂ ಗೊತ್ತಿರುತ್ತಿತ್ತು. ಬರೆಯುವಂತಿರಲಿಲ್ಲ.

2025ರಲ್ಲಿ ರಾಜ್ಯದ ವಿಧಾನಮಂಡಲ ದೇವದಾಸಿಯರ ಕುರಿತು ಹೊಸ ಮಸೂದೆ ಅಂಗೀಕರಿಸಿತು. ತಂದೆಯ ಹೆಸರು ಕಡ್ಡಾಯವಲ್ಲ ಎನ್ನುವುದು ಅದರ ಒಂದು ಮುಖ. ತಂದೆ ಯಾರೆಂದು ಗುರುತಿಸಿಕೊಳ್ಳುವುದು ಮಕ್ಕಳ ಹಕ್ಕು, ಅವನು ಒಪ್ಪದಿದ್ದರೆ ಡಿಎನ್‌ಎ ಪರೀಕ್ಷೆಗೂ ದಾರಿಯಿದೆ ಎನ್ನುವುದು ಇನ್ನೊಂದು. ತಮ್ಮನ ಮಗ ಉಗುಳು ಕಳಿಸಿದ್ದು ಕುತೂಹಲಕ್ಕೆ. ಗುಡ್ಡದ ಕೆಳಗಿನ ಕೇರಿಯ ಹುಡುಗಿ ಕಳಿಸಿದರೆ ಅದು ದಾವೆ. ಯಾವುದೋ ಗೌಡರ ಮನೆಯ ವಂಶವೃಕ್ಷಕ್ಕೆ ಅವಳನ್ನು ಸೇರಿಸಬೇಕಾಗುತ್ತದೆ. ಮೇಲಿನವನ ಹೆಸರಿನ ಮುಂದೆ ಮಯತ, ಕೆಳಗೆ ಹೊಲ ಪಾಲು ಮಾಡಿ ವಾಟ್ನಿ ಮುಗಿಸಿಕೊಂಡು ಕೂತ ಮಕ್ಕಳು. ಅವರು ಪಂಚರನ್ನು ಕರೆದುಕೊಂಡು ಬಂದು, ಇಂಥವಳನ್ನು ನಾವು ಕಂಡೇ ಇಲ್ಲ ಎಂದು ಬರೆಸಲು ನೋಡುತ್ತಾರೆ. ಆ ಅರ್ಜಿಯ ಮೇಲೆ ಷರಾ ಬರೆಯಬೇಕಾದ ತಲಾಟಿ ಗಟ್ಟಿ ಇರಬೇಕು. ನಮ್ಮ ಹೆಳವನನ್ನೂ ಕೇಳಿದೆ, ನೀನಾದರೆ ಬರೆಯುತ್ತೀಯಾ ಎಂದು. “ಆ ಮನಿಯವರು ಕಾಳ ಕೊಡೂದು ಬಿಡ್ತಾರ್ರಿ” ಎಂದ. ಸ್ವಲ್ಪ ತಡೆದು, “ಆಕಿ ಕೊಡ್ತಾಳೇನ?” ಎಂದು ಕೇಳಿದ.