ಎಸ್‌ಎಸ್‌ಎಚ್: ದೂರದ ಕಡತಗಳಿಗೆ ಭದ್ರ ಮಾರ್ಗ

ಬೇರೊಂದು ಊರಿನಲ್ಲಿರುವ ಸರ್ವರ್‌ಗೆ ಅಂತರಜಾಲದ ಮೂಲಕ ಸುರಕ್ಷಿತವಾಗಿ ಪ್ರವೇಶಿಸಲು ವ್ಯಾಪಕವಾಗಿ ಬಳಕೆಯಲ್ಲಿರುವ ವ್ಯವಸ್ಥೆಯೇ 'ಸೆಕ್ಯೂರ್ ಶೆಲ್' ಅಥವಾ ಎಸ್‌ಎಸ್‌ಎಚ್. ಇದೇ ಮಾರ್ಗದಲ್ಲಿ ಕಡತಗಳನ್ನು ಸಾಗಿಸುವ ವಿಧಾನಕ್ಕೆ ಎಸ್‌ಎಫ್‌ಟಿಪಿ ಎಂದು ಹೆಸರು.

ಹಿನ್ನೆಲೆ

ಕಡತ ಸಾಗಣೆಯ ಹಳೆಯ ವಿಧಾನ ಎಫ್‌ಟಿಪಿ. ಐಐಟಿ ಕಾನ್ಪುರದ ಮೊದಲ ತಂಡದ ಪದವೀಧರ ಅಭಯ್ ಭೂಷಣ್ ಅವರು ಅಮೆರಿಕದ ಎಂಐಟಿಯಲ್ಲಿದ್ದಾಗ, 1971ರಲ್ಲಿ ಇದರ ಮೊದಲ ಕರಡನ್ನು ರೂಪಿಸಿದರು. ಜಾಲದಲ್ಲಿ ಕೆಲವೇ ಗಣಕಯಂತ್ರಗಳಿದ್ದ ಕಾಲವದು. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ, ಅಂಚೆ ಕಾರ್ಡಿನ ಬರಹದಂತೆ ಸಾಗುತ್ತದೆ.

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವು ಬೆಳಕಿಗೆ ಬಂತು. ಅಲ್ಲಿನ ಸಂಶೋಧಕ ತಾತು ಯುಲೋನೆನ್ ಅದೇ ವರ್ಷ ಎಸ್‌ಎಸ್‌ಎಚ್ ಬರೆದು ಬಿಡುಗಡೆ ಮಾಡಿದರು. ಎಫ್‌ಟಿಪಿಯ 21 ಹಾಗೂ ಟೆಲ್ನೆಟ್‌ನ 23ರ ನಡುವೆ ಖಾಲಿಯಿದ್ದ 22ನೇ ಪೋರ್ಟ್ ಅದಕ್ಕೆ ದೊರೆಯಿತು. 1999ರಲ್ಲಿ ಮುಕ್ತ ತಂತ್ರಾಂಶವಾಗಿ ಬಂದ 'ಓಪನ್‌ಎಸ್‌ಎಸ್‌ಎಚ್' ಇಂದು ಲಿನಕ್ಸ್, ಮ್ಯಾಕ್‌ಗಳಲ್ಲಷ್ಟೇ ಅಲ್ಲದೆ ವಿಂಡೋಸ್‌ನಲ್ಲೂ ಲಭ್ಯವಿದೆ.

ಕಾರ್ಯವಿಧಾನ

ಎರಡೂ ತುದಿಯ ಯಂತ್ರಗಳು ಮೊದಲು ಒಂದು ರಹಸ್ಯ ಕೀಲಿಯನ್ನು ಗಣಿತದ ನೆರವಿನಿಂದ ಹೊಂದಿಸಿಕೊಳ್ಳುತ್ತವೆ. ಆ ಕೀಲಿ ತಂತಿಯ ಮೇಲೆ ಸಾಗುವುದೇ ಇಲ್ಲ. ಅನಂತರದ ಮಾತುಕತೆಯೆಲ್ಲ ಗೂಢಲಿಪಿಯಲ್ಲಿ ನಡೆಯುತ್ತದೆ. ಬಳಕೆದಾರ ಪಾಸ್‌ವರ್ಡ್ ಬದಲು ಕೀಲಿಜೋಡಿಯನ್ನು ಬಳಸಬಹುದು: ಸಾರ್ವಜನಿಕ ಕೀಲಿ ಸರ್ವರ್‌ನಲ್ಲಿ, ಖಾಸಗಿ ಕೀಲಿ ತನ್ನ ಯಂತ್ರದಲ್ಲಿ. ಖಾಸಗಿ ಕೀಲಿಯನ್ನು ಯಾರಿಗೂ ಕಳುಹಿಸಬಾರದು. ಅದಕ್ಕೂ ಒಂದು ಗುಪ್ತಪದವಿರಬೇಕು.

ನಿರ್ಲಕ್ಷಿತ ಎಚ್ಚರಿಕೆ

ದಾರಿ ಭದ್ರವಾದರೆ ಸಾಲದು. ಆಚೆ ತುದಿಯಲ್ಲಿರುವುದು ನಿಜವಾದ ಸರ್ವರ್ ಹೌದೇ ಎಂಬುದೂ ಖಚಿತವಾಗಬೇಕು. ಮೊದಲ ಬಾರಿ ಸಂಪರ್ಕಿಸಿದಾಗ ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿಯಂಥ ತಂತ್ರಾಂಶಗಳು ಸರ್ವರ್‌ನ 'ಫಿಂಗರ್‌ಪ್ರಿಂಟ್' ಎಂಬ ಅಕ್ಷರಮಾಲೆಯನ್ನು ತೋರಿಸಿ ಒಪ್ಪಿಗೆ ಕೇಳುತ್ತವೆ. ಓದದೆಯೇ 'ಹೌದು' ಒತ್ತುವುದು ಅಪಾಯಕಾರಿ. ನಡುವೆ ಕುಳಿತ ವಂಚಕನೇ ಸರ್ವರ್‌ನ ವೇಷ ಧರಿಸಿದ್ದರೆ, ಪಾಸ್‌ವರ್ಡ್ ಗೂಢಲಿಪಿಯಲ್ಲಿ ನೇರವಾಗಿ ಅವನ ಕೈ ಸೇರುತ್ತದೆ.

ಸರ್ವರ್ ನಿರ್ವಾಹಕರಿಂದ ದೂರವಾಣಿಯಲ್ಲಿ ಫಿಂಗರ್‌ಪ್ರಿಂಟ್ ಕೇಳಿ ತಾಳೆ ನೋಡುವುದೇ ಇದಕ್ಕೆ ಪರಿಹಾರ. ಒಮ್ಮೆ ಒಪ್ಪಿದ ಗುರುತನ್ನು ತಂತ್ರಾಂಶ ನೆನಪಿಟ್ಟುಕೊಳ್ಳುತ್ತದೆ. ಮುಂದೆ 'ಗುರುತು ಬದಲಾಗಿದೆ' ಎಂಬ ಎಚ್ಚರಿಕೆ ಬಂದರೆ, ಸರ್ವರ್ ಮರುಸ್ಥಾಪನೆಯಾಗಿರಬಹುದು ಅಥವಾ ಯಾರೋ ನಡುವೆ ನುಸುಳಿರಬಹುದು. ಯಾವುದೆಂದು ತಿಳಿಯುವವರೆಗೆ ಪಾಸ್‌ವರ್ಡ್ ನಮೂದಿಸದಿರುವುದೇ ಕ್ಷೇಮ.