ಗುರುವಿಗೊಂದು ಊಟದ ಮೇಜು



ಸೆಪ್ಟೆಂಬರ್ 5 ಶಿಕ್ಷಕರ ದಿನ. ಮಕ್ಕಳು ಹೂ ಕೊಟ್ಟು ಟೀಚರಿಗೆ ವಂದಿಸುತ್ತಾರೆ. ಆದರೆ ಆ ಟೀಚರನ್ನು ರೂಪಿಸಿದವರು ಯಾರೆಂದು ನಾವು ಕೇಳುವುದು ಅಪರೂಪ.

ಹುಣಸೂರು ತಾಲ್ಲೂಕಿನ ಗುರುಪುರದ ಹೆಸರಿನಲ್ಲೇ ಗುರುವಿದ್ದಾನೆ. 1970ರ ದಶಕದ ಆರಂಭದಲ್ಲಿ ಇಲ್ಲಿ ಟಿಬೆಟಿಯನ್ ನಿರಾಶ್ರಿತರು ನೆಲೆಸಿದರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಅವರು ಬಂದದ್ದು ಅದಕ್ಕೂ ಮೊದಲು, 1960ರಲ್ಲಿ. ನಾಡು ಕಳೆದುಕೊಂಡವರಿಗೆ ಮಕ್ಕಳ ಓದೇ ದೊಡ್ಡ ಚಿಂತೆ. ಭಾಷೆ, ಧರ್ಮ ಕಲಿಸಲು ಸನ್ಯಾಸಿಗಳಿದ್ದರು. ಗಣಿತ, ವಿಜ್ಞಾನಕ್ಕೆ? 1961ರಲ್ಲಿ ಕೇಂದ್ರ ಸರ್ಕಾರ ಅವರ ಶಾಲೆಗಳಿಗಾಗಿ ಪ್ರತ್ಯೇಕ ಸಂಸ್ಥೆ ಸ್ಥಾಪಿಸಿತು. ಭಾರತೀಯ ಶಿಕ್ಷಕರೂ ಆ ಶಾಲೆಗಳಲ್ಲಿ ದುಡಿದರು. ಬೈಲಕುಪ್ಪೆಯಲ್ಲೂ ಶಾಲೆ ನಡೆಸುತ್ತಿರುವ ‘ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್’ ಎಂಬ ಖಾಸಗಿ ಸಂಸ್ಥೆ 1960ರ ಮೇ 17ರಂದು ಧರ್ಮಶಾಲಾದಲ್ಲಿ 51 ಮಕ್ಕಳ ಆರೈಕೆಯಿಂದ ಆರಂಭವಾಯಿತು. ಮುಂದೆ ಅದು ಶಿಕ್ಷಕರ ತರಬೇತಿಯನ್ನೂ ಕೈಗೆತ್ತಿಕೊಂಡಿತು. ಮಕ್ಕಳ ಮೇಲಿನ ಪ್ರೀತಿಯೊಂದೇ ಸಾಲದು, ಕಲಿಸುವುದನ್ನೂ ಕಲಿಯಬೇಕೆಂದು ಅವರು ಅರಿತರು.

ಧರ್ಮಸಭೆಗೂ ಈ ಪಾಠ ಹೊಸದಲ್ಲ. 17ನೇ ಶತಮಾನದ ಫ್ರಾನ್ಸಿನಲ್ಲಿ ಬಡಮಕ್ಕಳಿಗೆ ಪಾಠ ಹೇಳುತ್ತಿದ್ದವರಲ್ಲಿ ಅನೇಕರಿಗೆ ಸರಿಯಾದ ತರಬೇತಿ ಇರಲಿಲ್ಲ. ರೀಮ್ಸ್ ನಗರದ ಶ್ರೀಮಂತ ಗುರು ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಅವರನ್ನು ಬೈಯಲಿಲ್ಲ. ತಮ್ಮ ಮನೆಗೆ ಕರೆದು, ತಮ್ಮದೇ ಮೇಜಿನಲ್ಲಿ ಊಟಕ್ಕೆ ಕೂರಿಸಿದರು. ಕೆಲ ವರ್ಷಗಳಲ್ಲೇ ಹಳ್ಳಿ ಶಿಕ್ಷಕರಿಗಾಗಿ ತರಬೇತಿ ಶಾಲೆ ತೆರೆದರು. 1950ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಈ ಸಂತರನ್ನು ಶಿಕ್ಷಕರ ಪಾಲಕರೆಂದು ಘೋಷಿಸಿದರು.

ಈಗ ನಮ್ಮ ಹಳ್ಳಿಗಳ ಸಣ್ಣ ಖಾಸಗಿ ಶಾಲೆಗಳ ಕಡೆ ನೋಡೋಣ. ಪಿಯುಸಿ, ಡಿಗ್ರಿ ಮುಗಿಸಿದ ಊರಿನ ಹೆಣ್ಣುಮಗಳೋ, ಮದುವೆಯಾಗಿ ಬಂದ ಸೊಸೆಯೋ ಅಲ್ಲಿ ಟೀಚರ್. ಹಿಂದೆ ಟಿಸಿಎಚ್ ಮುಗಿಸಿದರೆ ಪ್ರಾಥಮಿಕ ಶಾಲೆಗೆ ಸಾಕಿತ್ತು. ಮೈಸೂರಿನಲ್ಲಿ 1963ರಿಂದಲೇ ಶಿಕ್ಷಕರನ್ನು ತಯಾರಿಸುವ ಪ್ರಾದೇಶಿಕ ಕಾಲೇಜಿದೆ. ಆದರೆ ಕಾಲೇಜು ಹತ್ತಿರವಿದ್ದ ಮಾತ್ರಕ್ಕೆ ಬಡವರ ಮಗಳಿಗೆ ಅದರ ಬಾಗಿಲು ಹತ್ತಿರವಾಗಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯ ನಿಯಮ ಬಂತು. ತರಬೇತಿಯಿಲ್ಲದೆ ಈಗಾಗಲೇ ಕೆಲಸದಲ್ಲಿದ್ದವರಿಗೆ 2017ರ ತಿದ್ದುಪಡಿ 2019ರ ಮಾರ್ಚ್ 31ರವರೆಗೆ ಗಡುವು ಕೊಟ್ಟಿತು. ಹಗಲು ಪಾಠ, ರಾತ್ರಿ ಓದು. ಎಷ್ಟೋ ತಾಯಂದಿರು ಮಕ್ಕಳನ್ನು ಮಲಗಿಸಿ ಪುಸ್ತಕ ತೆರೆದರು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲವಿರುವ ಶಿಕ್ಷಕರು ಎರಡು ವರ್ಷದೊಳಗೆ ಅರ್ಹತಾ ಪರೀಕ್ಷೆ ಪಾಸಾಗಬೇಕೆಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿತು. ಅಲ್ಪಸಂಖ್ಯಾತ ಶಾಲೆಗಳ ಪ್ರಶ್ನೆಯನ್ನು ದೊಡ್ಡ ಪೀಠದ ಪರಿಶೀಲನೆಗೆ ಕಳುಹಿಸಿತು.

ನಿಯಮ ಸರಿಯೇ. ಮಗುವಿಗೆ ಒಳ್ಳೆಯ ಗುರು ಸಿಗಲೇಬೇಕು. ಆದರೆ ಆ ಹೊರೆಯನ್ನು ಟೀಚರ್ ಒಬ್ಬರ ಹೆಗಲಿಗೇ ಹಾಕುವುದು ನ್ಯಾಯವೇ? ಮಗುವನ್ನು ಶಾಲೆಗೆ ಸೇರಿಸುವಾಗ ಬಸ್ಸು, ಸಮವಸ್ತ್ರ, ಫೀಸು ಎಲ್ಲವನ್ನೂ ವಿಚಾರಿಸುತ್ತೇವೆ. ‘ಟೀಚರಿಗೆ ಸಂಬಳ ಸರಿಯಾಗಿ ಸಿಗುತ್ತಿದೆಯೇ? ಅವರಿಗೆ ಓದಲು ರಜೆ ಇದೆಯೇ? ಪರೀಕ್ಷೆಯ ಖರ್ಚಿಗೆ ಶಾಲೆ ನೆರವಾಗುತ್ತದೆಯೇ?’ ಎಂದೂ ಕೇಳೋಣ. ಶಾಲೆ ನಡೆಸುವ ನಾವು ಗುರುಗಳು, ಕನ್ಯಾಸ್ತ್ರೀಯರು ಈ ಪ್ರಶ್ನೆಗೆ ಮೊದಲು ಉತ್ತರಿಸಬೇಕು.

ಸಂತ ಲಾ ಸಾಲ್ ಶಿಕ್ಷಕರನ್ನು ತಿದ್ದಿದರು, ನಿಜ. ಆದರೆ ಅದಕ್ಕೂ ಮೊದಲು ಅವರನ್ನು ಕರೆದದ್ದು ಊಟಕ್ಕೆ.